ಕಿತ್ತೂರ ಚೆನ್ನಮ್ಮಾಜಿ ಮತ್ತು ದತ್ತಕದ ಹಕ್ಕು

ಮಲಪ್ರಭೆಯ ನೀರುಂಡ ನಾಡಿನಲ್ಲಿ ಕಿತ್ತೂರ ರಾಣಿ ಚೆನ್ನಮ್ಮನವರ ಹೆಸರನ್ನರಿಯದ ಮಗುವಿಲ್ಲ. ಕುದುರೆಯನ್ನೇರಿ ಖಡ್ಗ ಹಿರಿದ ಆ ವೀರಮೂರ್ತಿ ಲಾವಣಿಗಳಲ್ಲಿ, ನಾಟಕಗಳಲ್ಲಿ, ಊರೂರ ಚೌಕಗಳಲ್ಲಿ ನೆಲೆನಿಂತಿದೆ. ಆದರೆ ಆ ಖಡ್ಗ ಒರೆಯಿಂದ ಹೊರಬಂದುದು ಯಾವ ಪ್ರಶ್ನೆಗಾಗಿ ಎಂದು ವಿಚಾರಿಸುವವರು ವಿರಳ. ಅದು ಮಕ್ಕಳಿಲ್ಲದ ಮನೆ ತನ್ನ ದೀಪ ಆರದಂತೆ ದತ್ತಕ ಮಗನನ್ನು ತಂದುಕೊಳ್ಳುವ ಹಕ್ಕಿನ ಪ್ರಶ್ನೆ. ಇಂದು ಕೌಟುಂಬಿಕ ಕಾಯಿದೆಯನ್ನು ಅಭ್ಯಸಿಸಿ ನ್ಯಾಯವಾದಿಯಾಗಲು ಹೊರಟ ತರುಣ ತರುಣಿಯರಿಗೆ ಈ ಜೀವನಚರಿತ್ರೆ ಒಂದು ಮೊದಲ ಪಾಠದಂತಿದೆ.

ಚೆನ್ನಮ್ಮನವರು 1778ರಲ್ಲಿ ಬೆಳಗಾವಿಯ ಸಮೀಪದ ಕಾಕತಿಯಲ್ಲಿ ದೇಸಾಯರ ಮನೆತನದಲ್ಲಿ ಜನಿಸಿದರು. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳಲ್ಲಿ ಪಳಗಿದ ಅವರು ಕಿತ್ತೂರಿನ ಮಲ್ಲಸರ್ಜ ದೇಸಾಯಿಯವರ ಕಿರಿಯ ರಾಣಿಯಾಗಿ ಬಂದರು. ಪೇಶ್ವೆಯ ಸೆರೆಯಲ್ಲಿ ಬಳಲಿದ ಮಲ್ಲಸರ್ಜರು 1816ರಲ್ಲಿ ತೀರಿಕೊಂಡರು. ಹಿರಿಯ ರಾಣಿ ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜರು ಪಟ್ಟವೇರಿದರು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಕಿತ್ತೂರು ಕಂಪನಿ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ವರ್ಷಕಾಣಿಕೆ ಕೊಟ್ಟು ಸಂಸ್ಥಾನವನ್ನು ಉಳಿಸಿಕೊಂಡಿತು. ಯುವಕ ದೇಸಾಯಿಯ ದೇಹಸ್ಥಿತಿ ದುರ್ಬಲವಾಗಿದ್ದುದರಿಂದ ರಾಜ್ಯಭಾರದ ಹೊರೆ ಮಲತಾಯಿ ಚೆನ್ನಮ್ಮನವರ ಹೆಗಲಿಗೇ ಬಂದಿತು. ಹೆತ್ತ ಮಗನನ್ನು ಕಳೆದುಕೊಂಡಿದ್ದ ಆ ತಾಯಿ ಸವತಿಯ ಮಗನನ್ನೇ ತನ್ನ ಮಗನೆಂದು ಕಾಯ್ದರು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜರು ಸಂತಾನವಿಲ್ಲದೆ ಲಿಂಗೈಕ್ಯರಾದರು. ಅವರ ಪತ್ನಿ ವೀರವ್ವ ಇನ್ನೂ ಎಳೆಯ ಬಾಲೆ. ಮಾಸ್ತಮರಡಿ ಗೌಡರ ಮನೆಯ ಬಾಲಕ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಳ್ಳಲಾಗಿದೆಯೆಂಬ ಪತ್ರ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆದ ಥ್ಯಾಕರೆಗೆ ತಲುಪಿತು. ಪತ್ರದ ಮೇಲಿನ ದಿನಾಂಕ ಜುಲೈ ತಿಂಗಳದು. ಅದು ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ದೇಸಾಯಿಯ ರುಜುವಿನ ಬಗೆಗೆ ಥ್ಯಾಕರೆಗೆ ಸಂಶಯ ಹುಟ್ಟಿತು. ದತ್ತಕವು ಮರಣಾನಂತರದ ಕಟ್ಟುಕಥೆಯೆಂದು ಬಗೆದು ಅವನು ಅದನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿದ್ದಿತು, ಕಾವಲು ಕುಳಿತಿತು.

ಇಲ್ಲಿ ವಿವೇಚಿಸಬೇಕಾದ ಸಂಗತಿಯೊಂದುಂಟು. ಗಂಡನ ಸಮ್ಮತಿಯಿಲ್ಲದೆ ಸ್ತ್ರೀಯು ಮಗನನ್ನು ಕೊಡಲೂ ತೆಗೆದುಕೊಳ್ಳಲೂ ಬಾರದೆಂಬುದು ವಸಿಷ್ಠರ ಹೆಸರಿನಲ್ಲಿ ನಡೆದುಬಂದ ನಿಯಮ. ಈ ಒಂದು ನಿಯಮಕ್ಕೆ ಭರತಖಂಡದಲ್ಲಿ ನಾಲ್ಕು ಬಗೆಯ ಅರ್ಥಗಳಾದವು. ಮಿಥಿಲೆಯವರು ವಿಧವೆಗೆ ದತ್ತಕದ ಅಧಿಕಾರವೇ ಇಲ್ಲವೆಂದರು. ಗಂಡನು ಬದುಕಿದ್ದಾಗ ಕೊಟ್ಟ ಅನುಮತಿ ಸಾಕೆಂದು ಬಂಗಾಳದವರೆಂದರೆ, ದಾಯಾದಿಗಳ ಒಪ್ಪಿಗೆಯೂ ನಡೆಯುವುದೆಂದು ದ್ರಾವಿಡದವರೆಂದರು. ನೀಲಕಂಠಭಟ್ಟನ ವ್ಯವಹಾರ ಮಯೂಖವನ್ನು ಮನ್ನಿಸುವ ಪಶ್ಚಿಮ ಭಾಗದಲ್ಲಾದರೋ, ಆ ನಿಯಮ ಗಂಡನಿರುವವಳಿಗೆ ಮಾತ್ರ, ವಿಧವೆಗೆ ಅಲ್ಲ ಎಂಬ ಉದಾರವಾದ ಅರ್ಥ ಬೇರೂರಿತು. ಆದುದರಿಂದ ಥ್ಯಾಕರೆಯ ಸಂಶಯ ನಿಜವೇ ಆಗಿದ್ದರೂ ಮನೆತನದ ದಾರಿ ಮುಚ್ಚಿರಲಿಲ್ಲ. ವೀರವ್ವ ತನ್ನ ಗಂಡನಿಗಾಗಿ ಮಗನನ್ನು ಪಡೆಯಬಹುದಾಗಿತ್ತು. ಕಲೆಕ್ಟರನ ಕಣ್ಣು ರುಜುವಿನ ಮೇಲೆ ನೆಟ್ಟಿತು. ನಾಡಿನ ನಡಾವಳಿಯ ಮೇಲೆ ಬೀಳಲಿಲ್ಲ.

ಕಂಪನಿಯ ವಾದವೂ ಬರಿಯ ಹಟವಾಗಿರಲಿಲ್ಲ. ಮಗನಾಗುವುದು ಬೇರೆ, ಸಂಸ್ಥಾನಕ್ಕೆ ಒಡೆಯನಾಗುವುದು ಬೇರೆ. ಎರಡನೆಯದಕ್ಕೆ ಸಾರ್ವಭೌಮ ಸತ್ತೆಯ ಅಪ್ಪಣೆ ಬೇಕೆಂಬುದು ಅದರ ನಿಲುವು. ಆದರೆ ವಾದಿಯೂ ತಾನೆ, ನ್ಯಾಯಾಧೀಶನೂ ತಾನೆ ಆದಲ್ಲಿ ನ್ಯಾಯಕ್ಕೆ ಎಡೆಯೆಲ್ಲಿ? ರಾಣಿಯ ಮನವಿಗಳು ಫಲಿಸಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಅಧಿಕಾರಿಗಳು ಸೆರೆಯಾದರು. ಸೆರೆಯಾಳುಗಳ ಪ್ರಾಣಕ್ಕೆ ರಾಣಿ ಕುಂದು ಬರಗೊಡಲಿಲ್ಲ. ದಖ್ಖನಿನ ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯದೊಡನೆ ಬಂದನು. ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ಸಂಧಿಯಾಗದೆ, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು.

ಚೆನ್ನಮ್ಮನವರನ್ನು ಸೊಸೆಯಂದಿರೊಡನೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಕತ್ತಿ ಹಿಡಿದ ಕೈಗೆ ಅಲ್ಲಿ ಕೆಲಸವಿರಲಿಲ್ಲ. ನಾಲ್ಕು ವರ್ಷಗಳಿಗೂ ಮಿಕ್ಕ ಸೆರೆವಾಸದ ಬಳಿಕ 1829ರ ಫೆಬ್ರವರಿಯಲ್ಲಿ ಅವರು ಅಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿ ಬೈಲಹೊಂಗಲದಲ್ಲಿದೆ. ಆ ದತ್ತಕಪುತ್ರನನ್ನೇ ಗಾದಿಗೇರಿಸಲು ಸಂಗೊಳ್ಳಿ ರಾಯಣ್ಣ ದಂಡು ಕಟ್ಟಿ ಹೋರಾಡಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಕಿತ್ತೂರಿನಲ್ಲಿ ಬಿತ್ತಿದ ಬೀಜ ಮುಂದೆ ದೇಶಕ್ಕೆಲ್ಲ ಹಬ್ಬಿತು. ದತ್ತಕವನ್ನು ಮನ್ನಿಸದೆ ಸಂಸ್ಥಾನಗಳನ್ನು ಸೆಳೆದುಕೊಳ್ಳುವುದು ಡಾಲ್‌ಹೌಸಿಯ ಕಾಲದಲ್ಲಿ ನೀತಿಯೇ ಆಗಿ, 1848ರಲ್ಲಿ ಸಾತಾರೆಯೂ ಅನಂತರ ಝಾನ್ಸಿ, ನಾಗಪುರಗಳೂ ಹೋದವು. ನರಗುಂದದ ಬಾಬಾಸಾಹೇಬರಿಗೂ ದತ್ತಕದ ಅನುಮತಿ ದೊರೆಯಲಿಲ್ಲ. 1858ರಲ್ಲಿ ಅವರು ಬಂಡೆದ್ದಾಗ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಏಜೆಂಟ್ ಮ್ಯಾನ್ಸನ್ ಹತನಾದನು. ಇಷ್ಟು ರಕ್ತ ಹರಿದ ಮೇಲೆ ಸರಕಾರಕ್ಕೆ ಬುದ್ಧಿ ಬಂದಿತು. ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟನು.

ಮನೆಯ ಹಕ್ಕು ನ್ಯಾಯಾಲಯದಲ್ಲಿ ಗೆಲ್ಲಲು ಇನ್ನೂ ಕಾಲ ಹಿಡಿಯಿತು. ಅವಿಭಕ್ತ ಕುಟುಂಬದ ವಿಧವೆಯೂ ದಾಯಾದಿಗಳ ಒಪ್ಪಿಗೆಯಿಲ್ಲದೆ ದತ್ತಕ ತೆಗೆದುಕೊಳ್ಳಬಹುದೆಂದು 1930ರ ದಶಕದ ಆರಂಭದಲ್ಲಿ ಭೀಮಾಬಾಯಿ ಮತ್ತು ಗುರುನಾಥಗೌಡರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಮುಂಬಯಿ ಪ್ರಾಂತಕ್ಕೆ ಖಚಿತಪಡಿಸಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವಿಧವೆಗೆ ತನ್ನ ಹೆಸರಿನಲ್ಲಿಯೇ ಮಗನನ್ನಾಗಲಿ ಮಗಳನ್ನಾಗಲಿ ಪಡೆಯುವ ಅಧಿಕಾರ ಕೊಟ್ಟಿತು. ಕೊಡುವ ತೆಗೆದುಕೊಳ್ಳುವ ಕ್ರಿಯೆ ನಿಜವಾಗಿ ನಡೆದಿರಬೇಕು, ದತ್ತಹೋಮ ಕಡ್ಡಾಯವಲ್ಲ ಎಂದಿತು.

ದತ್ತಕವೆಂದರೆ ಆಸ್ತಿಯ ಲೆಕ್ಕವೊಂದೇ ಅಲ್ಲವೆಂಬುದಕ್ಕೆ ಸವದತ್ತಿ ತಾಲೂಕಿನ ಸಿರಸಂಗಿ ಸಾಕ್ಷಿ. ಶಿಗ್ಲಿಯಿಂದ ಆ ಮನೆಗೆ ದತ್ತಕ ಬಂದ ತ್ಯಾಗವೀರ ಲಿಂಗರಾಜರು 1906ರಲ್ಲಿ ಕಣ್ಮುಚ್ಚುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಪಡೆದ ಮಗನೊಬ್ಬನು ಸಾವಿರ ಮಕ್ಕಳಿಗೆ ತಂದೆಯಾದನು.

1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ ಸ್ಥಾಪನೆಯಾದಂದಿನಿಂದ ಈ ಸೀಮೆಯ ಮಕ್ಕಳಿಗೆ ನ್ಯಾಯಶಾಸ್ತ್ರದ ಬಾಗಿಲು ಹತ್ತಿರದಲ್ಲಿಯೇ ತೆರೆದಿದೆ. ಆ ಬಾಗಿಲನ್ನು ಹೊಕ್ಕವರು ಕಲಮುಗಳನ್ನು ಕಂಠಪಾಠ ಮಾಡಿದರಷ್ಟೇ ಸಾಲದು. ದಸ್ತೈವಜಿನ ಹಿಂದಿರುವ ಮನೆಯನ್ನು, ಮನೆಯೊಳಗಿರುವ ಎಳೆಯ ವಿಧವೆಯನ್ನು, ಊರಿನ ನಡಾವಳಿಯನ್ನು ಅರಿಯಬೇಕು; ಪತ್ರವನ್ನು ಕಾಲಕ್ಕೆ ಸರಿಯಾಗಿ, ಸಾಕ್ಷಿಗಳ ಎದುರಿನಲ್ಲಿ ಮಾಡಿಸಬೇಕು. ಅಂದು ಇದನ್ನು ಅರಿತು ತೀರ್ಪು ಹೇಳುವವರು ಇಲ್ಲದುದಕ್ಕಾಗಿ ಒಂದು ಸಂಸ್ಥಾನ ಬೂದಿಯಾಯಿತು. ಇನ್ನು ಮುಂದೆ ಯಾವ ತಾಯಿಯೂ ತನ್ನ ಮನೆಯ ಹಕ್ಕಿಗಾಗಿ ಕತ್ತಿ ಹಿಡಿಯುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಚೆನ್ನಮ್ಮಾಜಿಗೆ ಸಲ್ಲುವ ನಿಜವಾದ ಗೌರವ.