ಕರುಳಿನ ಹೊಲಿಗೆಯ ಮರ್ಮವರಿತ ಹಾಲ್‌ಸ್ಟೆಡ್

ರಾಯಚೂರು ನಗರದಲ್ಲಿಯೂ ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿಯೂ ಹೆಂಗಸರು ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಸೂಜಿಯು ಎಲ್ಲ ಪದರಗಳನ್ನೂ ಹಿಡಿದರೆ ಕೌದಿ ಬಹುಕಾಲ ಬಾಳುತ್ತದೆ. ಮನುಷ್ಯನ ಕರುಳಿನ ಗೋಡೆಯೂ ಪದರಗಳಿಂದಾದುದೇ. ಆದರೆ ಕತ್ತರಿಸಿದ ಕರುಳನ್ನು ಕೂಡಿಸುವುದು ಬಹು ಸೂಕ್ಷ್ಮವಾದ ಕಾರ್ಯ. ಹೊಲಿಗೆಯು ಒಂದೆಡೆ ಸೋರಿದರೂ ಒಳಗಿನ ಮಲಿನವು ಹೊಟ್ಟೆಯಲ್ಲಿ ಹರಡಿ ರೋಗಿಯ ಪ್ರಾಣಕ್ಕೆ ಎರವಾಗಬಹುದು. ನೂಲಿಗೆ ಯಾವ ಪದರದಲ್ಲಿ ಬಿಗಿಯಾದ ಹಿಡಿತ ದೊರೆಯುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವನು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್.

ಹಾಲ್‌ಸ್ಟೆಡ್ 1852ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್ ನಗರದ ಸಿರಿವಂತ ವರ್ತಕ ಮನೆತನದಲ್ಲಿ ಜನಿಸಿದನು. ಯೇಲ್‌ನಲ್ಲಿ ಓದುವಾಗ ಅವನಿಗೆ ಪಾಠಕ್ಕಿಂತ ಆಟದಲ್ಲಿಯೇ ಆಸಕ್ತಿ ಹೆಚ್ಚು. ಮುಂದೆ ವೈದ್ಯಶಾಸ್ತ್ರವು ಅವನ ಮನಸ್ಸನ್ನು ಸೆಳೆಯಿತು. 1877ರಲ್ಲಿ ವೈದ್ಯಪದವಿ ಪಡೆದು, ಯೂರೋಪಿಗೆ ತೆರಳಿ, ವಿಯೆನ್ನಾ ಮೊದಲಾದ ನಗರಗಳ ಪ್ರಸಿದ್ಧ ಶಸ್ತ್ರವೈದ್ಯರ ಬಳಿ ಕಲಿತು ಬಂದನು.

1884ರಲ್ಲಿ ಕೊಕೇನ್ ಔಷಧಿಯು ನೋವಿನ ಅರಿವನ್ನು ಇಲ್ಲವಾಗಿಸುತ್ತದೆಂಬ ವಾರ್ತೆ ಹಬ್ಬಿತು. ಹಾಲ್‌ಸ್ಟೆಡ್ ಅದನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದನು. ಅದರ ಕೇಡು ಆಗ ಯಾರಿಗೂ ಚೆನ್ನಾಗಿ ತಿಳಿದಿರಲಿಲ್ಲ. ಅವನು ಆ ಮಾದಕ ವಸ್ತುವಿಗೆ ದಾಸನಾದನು. ಕೀರ್ತಿಯೂ ಆರೋಗ್ಯವೂ ಕುಸಿದವು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಬಳಿಕ, 1886ರ ಕೊನೆಯಲ್ಲಿ ಮಿತ್ರನಾದ ವೆಲ್ಚ್ ಅವನನ್ನು ಬಾಲ್ಟಿಮೋರಿನ ತನ್ನ ಪ್ರಯೋಗಶಾಲೆಗೆ ಬರಮಾಡಿಕೊಂಡನು. ಅಲ್ಲಿ ಅವನು ಕೈಗೆತ್ತಿಕೊಂಡುದೇ ಕರುಳಿನ ಹೊಲಿಗೆ.

ಈ ಸಮಸ್ಯೆ ಹೊಸದೇನಲ್ಲ. ಕರುಳಿನ ಗಾಯದ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ ಕೂಡಿಸುವ ವಿಧಾನವನ್ನು ಸುಶ್ರುತಸಂಹಿತೆ ಹೇಳಿದೆ. 1826ರಲ್ಲಿ ಫ್ರಾನ್ಸಿನ ಲಾಂಬೇರ್, ಅಂಚುಗಳನ್ನು ಒಳಕ್ಕೆ ಮಡಿಚಿ ಹೊರಪೊರೆಗೆ ಹೊರಪೊರೆ ತಾಗುವಂತೆ ಹೊಲಿದನು. ತಾಗಿದ ಹೊರಪೊರೆಗಳು ಬೇಗನೆ ಬೆಸೆಯುತ್ತವೆ. ಆ ಬಳಿಕ ಜರ್ಮನಿಯ ಚೆರ್ನಿ ಒಳಗೊಂದು ಹೊರಗೊಂದು ಎಂದು ಎರಡು ಸಾಲು ಹೊಲಿಗೆ ಹಾಕಿದನು. ಎರಡು ಸಾಲಿನಿಂದ ಭದ್ರತೆ ಹೆಚ್ಚೆಂದು ತೋರಿದರೂ, ಅಂಚುಗಳು ಬಹಳವಾಗಿ ಒಳಮಡಿಚಿ ಕರುಳಿನ ದಾರಿ ಕಿರಿದಾಗುವ ಭಯವಿತ್ತು.

ಹಾಲ್‌ಸ್ಟೆಡ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಪದರಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಹೊರಪೊರೆ ಬಹು ತೆಳು. ಸ್ನಾಯುವಿನಲ್ಲಿ ನೂಲು ಹರಿದುಕೊಂಡು ಬರುತ್ತದೆ. ಒಳಗಿನ ಲೋಳೆಪೊರೆ ಮೃದು. ಸ್ನಾಯುವಿಗೂ ಲೋಳೆಪೊರೆಗೂ ನಡುವೆ ಇರುವ ತೆಳುವಾದ ಪದರವೊಂದೇ ಗಟ್ಟಿಯಾದುದು. ಕುರಿಯ ಕರುಳಿನ ಇದೇ ಪದರದಿಂದ ಶಸ್ತ್ರವೈದ್ಯರ ಹುರಿಯನ್ನು ಮಾಡುತ್ತಿದ್ದರು. ಸೂಜಿಯು ಈ ಪದರದ ಎಳೆಯೊಂದನ್ನು ಹಿಡಿಯಬೇಕು, ಆದರೆ ಕರುಳಿನ ಒಳಗನ್ನು ಮುಟ್ಟಬಾರದು. ಹಾಗಾದರೆ ಕೌದಿಯ ಹೊಲಿಗೆಯನ್ನು ಹೋಲುವ ಒಂದೇ ಸಾಲು ಸಾಕು ಎಂದು ಅವನು 1887ರಲ್ಲಿ ಪ್ರಕಟಿಸಿದನು.

1889ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾಯಿತು. ಹಾಲ್‌ಸ್ಟೆಡ್ ಅಲ್ಲಿಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾಗಿ ಅನೇಕ ಶಿಷ್ಯರನ್ನು ಪಳಗಿಸಿದನು. ಕ್ರಿಮಿನಾಶಕದಿಂದ ಕೈ ಕೆಟ್ಟ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ ಅವನು ಮಾಡಿಸಿದ ರಬ್ಬರ್ ಕೈಚೀಲಗಳು ಮುಂದೆ ಜಗತ್ತಿನ ಶಸ್ತ್ರವೈದ್ಯರೆಲ್ಲರ ಕೈ ಸೇರಿದವು. 1890ರಲ್ಲಿ ಅವನು ಆಕೆಯನ್ನೇ ವರಿಸಿದನು. ಮಾದಕ ವಸ್ತುವಿನೊಡನೆ ಅವನ ಹೋರಾಟ ಮಾತ್ರ ಬಹುಕಾಲ ನಡೆಯಿತು. 1922ರ ಸೆಪ್ಟೆಂಬರ್ 7ರಂದು ಅವನು ಮರಣ ಹೊಂದಿದನು.

ಇಂದು ಕೆಲವರು ಒಂದು ಸಾಲು, ಕೆಲವರು ಎರಡು ಸಾಲು ಹೊಲಿಗೆ ಹಾಕುತ್ತಾರೆ. ಯಂತ್ರದಿಂದ ಲೋಹದ ಪಿನ್ನು ಹಾಕಿ ಕೂಡಿಸುವುದೂ ಉಂಟು. ವಿಧಾನ ಯಾವುದಾದರೂ ಹಾಲ್‌ಸ್ಟೆಡ್ ತೋರಿದ ಆ ತೆಳು ಪದರವನ್ನು ಬಿಡುವಂತಿಲ್ಲ. ತನ್ನ ಬಾಳು ಹರಿದುಹೋಗಿದ್ದ ಕಾಲದಲ್ಲಿಯೇ ಅವನು ಪರರ ಪ್ರಾಣ ಉಳಿಸುವ ಹೊಲಿಗೆಯನ್ನು ಕಂಡುಕೊಂಡನು.