ಅಕ್ಷರಗಳು ತಿರುವುಮುರುವಾಗುವ ಮಕ್ಕಳ ವೈದ್ಯ: ಸ್ಯಾಮ್ಯುಯೆಲ್ ಆರ್ಟನ್

ಅಮೆರಿಕದ ಅಯೋವಾ ರಾಜ್ಯದ ಗ್ರೀನ್ ಕೌಂಟಿಯ ಶಾಲಾ ಶಿಕ್ಷಕರಿಗೆ 1925ರಲ್ಲಿ ಒಂದು ಕೋರಿಕೆ ತಲುಪಿತು. ತರಗತಿಯಲ್ಲಿ ಹಿಂದೆ ಬಿದ್ದ, ದಡ್ಡರೆಂದು ಹೆಸರಾದ ಮಕ್ಕಳನ್ನು ಸಂಚಾರಿ ಮಾನಸಿಕ ಚಿಕಿತ್ಸಾಲಯಕ್ಕೆ ಕಳುಹಿಸಬೇಕು ಎಂಬುದೇ ಆ ಕೋರಿಕೆ. ಹಾಗೆ ಬಂದವರಲ್ಲಿ 16 ವರ್ಷದ ಹುಡುಗನೊಬ್ಬನಿದ್ದ. ವೈದ್ಯಕೀಯ ಸಾಹಿತ್ಯದಲ್ಲಿ ಅವನು ಎಂ.ಪಿ. ಎಂಬ ಮೊದಲಕ್ಷರಗಳಿಂದಷ್ಟೇ ಪರಿಚಿತ. ವರ್ಷಗಟ್ಟಲೆ ಶಾಲೆಗೆ ಹೋಗಿದ್ದರೂ ಅವನಿಗೆ ಓದು ಒಲಿದಿರಲಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವನಿಗೆ ದೊರೆತದ್ದು 71 ಅಂಕ. ಅಂದಿನ ಲೆಕ್ಕದಲ್ಲಿ ಅದು ಮಂದಬುದ್ಧಿಯ ಅಂಚು. ಆದರೆ ಯಂತ್ರಗಳ ಕುರಿತು ಬಾಯಿಮಾತಿನಲ್ಲಿ ಕೇಳಿದರೆ ಹುಡುಗ ಚುರುಕಾಗಿ, ಸರಿಯಾಗಿ ಉತ್ತರಿಸುತ್ತಿದ್ದ. ಪರೀಕ್ಷಿಸಿದ ವೈದ್ಯರು ಅಂಕವನ್ನು ನಂಬದೆ ಹುಡುಗನನ್ನು ನಂಬಿದರು. ಆ ವೈದ್ಯರೇ ಸ್ಯಾಮ್ಯುಯೆಲ್ ಟೋರಿ ಆರ್ಟನ್.

ಆರ್ಟನ್ ಮಕ್ಕಳ ವೈದ್ಯರೂ ಅಲ್ಲ, ಶಿಕ್ಷಣತಜ್ಞರೂ ಅಲ್ಲ. 1879ರಲ್ಲಿ ಓಹಿಯೋದ ಕೊಲಂಬಸ್‌ನಲ್ಲಿ ಜನಿಸಿದ ಅವರ ತಂದೆ ಎಡ್ವರ್ಡ್ ಆರ್ಟನ್ ಭೂವಿಜ್ಞಾನಿ; ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರು. ಮಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1905ರಲ್ಲಿ ವೈದ್ಯ ಪದವಿ ಪಡೆದು, ಮೃತರ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸುವ ನರರೋಗ ಶಾಸ್ತ್ರವನ್ನು ಕೈಗೆತ್ತಿಕೊಂಡರು. ಅಯೋವಾ ನಗರದಲ್ಲಿ ತಲೆಯೆತ್ತಿದ ಮನೋರೋಗ ಆಸ್ಪತ್ರೆಗೆ ಅವರೇ ಮೊದಲ ನಿರ್ದೇಶಕರು. ಹಳ್ಳಿಗಾಡಿನ ಜನ ಆಸ್ಪತ್ರೆಯನ್ನು ಹುಡುಕಿಕೊಂಡು ಬರಲಾರರು, ಆಸ್ಪತ್ರೆಯೇ ಅವರ ಬಳಿಗೆ ಹೋಗಬೇಕು ಎಂಬ ಯೋಚನೆಯಿಂದ ಹುಟ್ಟಿದ್ದು ಆ ಸಂಚಾರಿ ಚಿಕಿತ್ಸಾಲಯ. ಓದಲಾರದ ಮಕ್ಕಳನ್ನು ಹುಡುಕಬೇಕೆಂದು ಅವರು ಹೊರಟವರಲ್ಲ, ಮಕ್ಕಳೇ ಎದುರಾದರು.

ಓದುವ ತೊಂದರೆ ವೈದ್ಯರಿಗೆ ತೀರ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ 1896ರಲ್ಲೇ ಅಂತಹ ಬಾಲಕನೊಬ್ಬನ ವಿವರ ಪ್ರಕಟಿಸಿದ್ದರು. ಗ್ಲಾಸ್ಗೋದ ನೇತ್ರವೈದ್ಯ ಜೇಮ್ಸ್ ಹಿನ್‌ಶೆಲ್‌ವುಡ್ ಇದನ್ನು ಹುಟ್ಟು ಪದಾಂಧತೆ ಎಂದು ಕರೆದು, ಎಡಮಿದುಳಿನ ಒಂದು ನಿರ್ದಿಷ್ಟ ಭಾಗದ ದೋಷವೆಂದೂ ವಿರಳವೆಂದೂ ಭಾವಿಸಿದ್ದರು. ಆರ್ಟನ್ ಎರಡನ್ನೂ ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಮಿದುಳಿಗೆ ಪೆಟ್ಟೇನೂ ಬಿದ್ದಿರಲಿಲ್ಲ. ಇಂತಹ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದರು.

ಅವರ ಗಮನ ಸೆಳೆದದ್ದು ತಿರುವುಮುರುವು. ಈ ಮಕ್ಕಳು ಇಂಗ್ಲಿಷಿನ ‘ವಾಸ್’ ಪದವನ್ನು ‘ಸಾ’ ಎಂದು ಹಿಂದುಮುಂದಾಗಿ ಓದುತ್ತಿದ್ದರು. ಬಿ ಮತ್ತು ಡಿ ಅದಲುಬದಲಾಗುತ್ತಿದ್ದವು. (ಇಂಗ್ಲಿಷಿನ ಸಣ್ಣಕ್ಷರಗಳಾದ ಬಿ, ಡಿ, ಪಿ, ಕ್ಯೂಗಳು ಒಂದೇ ಆಕೃತಿಯನ್ನು ಹೊರಳಿಸಿ, ಮಗುಚಿ ಇಟ್ಟಂತಿವೆ. ಕನ್ನಡದಲ್ಲಿ ದ-ಧ, ಬ-ಭಗಳನ್ನು ಬೇರ್ಪಡಿಸುವುದು ಒಂದು ಸೀಳು. ಅಲ್ಲಿನ ತೊಡಕಿನ ಬಗೆಯೇ ಬೇರೆ.) ಎಡಮಿದುಳು ಪದದ ಚಿತ್ರವನ್ನು ನೇರವಾಗಿಯೂ ಬಲಮಿದುಳು ಕನ್ನಡಿಯ ಬಿಂಬದಂತೆಯೂ ದಾಖಲಿಸುತ್ತದೆ, ಎಡಮಿದುಳಿನ ಮೇಲುಗೈ ಸ್ಥಿರವಾಗದಿದ್ದರೆ ಎರಡೂ ಚಿತ್ರಗಳು ಪೈಪೋಟಿಗಿಳಿಯುತ್ತವೆ ಎಂದು ಆರ್ಟನ್ ತರ್ಕಿಸಿದರು. ಅದಕ್ಕೆ ಗ್ರೀಕ್ ಮೂಲದಿಂದ ಕಟ್ಟಿದ ಹೆಸರು ಸ್ಟ್ರೆಫೋಸಿಂಬೋಲಿಯಾ, ಎಂದರೆ ಸಂಕೇತಗಳ ತಿರುಚುವಿಕೆ. 1925ರಲ್ಲೇ ಈ ವಾದ ನರರೋಗ ಮತ್ತು ಮನೋರೋಗಗಳ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಉಗ್ಗುವಿಕೆಗೂ ಅವರು ಇದೇ ಬೀಗದಕೈ ಬಳಸಿದರು. ಅಯೋವಾದ ಲೀ ಎಡ್ವರ್ಡ್ ಟ್ರಾವಿಸ್ ಅವರೊಂದಿಗೆ ಬೆಳೆಸಿದ ವಿಚಾರದಂತೆ, ಎಡಗೈ ರೂಢಿಯ ಮಗುವಿನಿಂದ ಬಲವಂತವಾಗಿ ಬಲಗೈಯಲ್ಲಿ ಬರೆಸಿದರೆ ಮಾತು ತೊಡರುವ ಅಪಾಯವಿತ್ತು. ಅಯೋವಾದಲ್ಲಿ ಉಗ್ಗುವವರ ಬಲಗೈಯನ್ನೇ ಕಟ್ಟಿಹಾಕಿ ಎಡಗೈ ಬಳಸುವಂತೆ ಮಾಡಿದ ಪ್ರಯೋಗಗಳೂ ನಡೆದವು. ಅವು ಫಲ ನೀಡಲಿಲ್ಲ. ಆದರೂ ಓದು, ಬರಹ, ಮಾತು ಮೂರೂ ಒಂದೇ ಭಾಷಾಶಕ್ತಿಯ ಕವಲುಗಳೆಂದು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಅವರ ಪ್ರಮುಖ ಗ್ರಂಥ 1937ರಲ್ಲಿ ಹೊರಬಂದಾಗ ಈ ಮೂರೂ ಅದರ ಶೀರ್ಷಿಕೆಯಲ್ಲೇ ಇದ್ದವು.

ಸಿದ್ಧಾಂತಕ್ಕಿಂತ ಹೆಚ್ಚು ಬಾಳಿದ್ದು ಅವರು ಸೂಚಿಸಿದ ಬೋಧನಾಕ್ರಮ. ಇಡೀ ಪದವನ್ನು ಚಿತ್ರದಂತೆ ನೋಡಿ ನೆನಪಿಡುವ ಪದ್ಧತಿ ಆಗ ಅಮೆರಿಕದ ಶಾಲೆಗಳಲ್ಲಿ ಬೇರೂರಿತ್ತು. ಈ ಮಕ್ಕಳ ಮಟ್ಟಿಗೆ ಅದು ಹಾನಿಕರ ಎಂದು ಆರ್ಟನ್ ನಿಷ್ಠುರವಾಗಿ ಹೇಳಿದರು. ಒಂದೊಂದೇ ಅಕ್ಷರದ ಧ್ವನಿಯನ್ನು ಕಲಿಸಬೇಕು, ಧ್ವನಿಗಳನ್ನು ಕೂಡಿಸಲು ಕಲಿಸಬೇಕು, ಉಚ್ಚರಿಸುತ್ತಲೇ ಬೆರಳಿನಿಂದ ತಿದ್ದಿಸಬೇಕು ಎಂಬುದು ಅವರ ನಿಲುವು. ಮರಳಿನ ಮೇಲೆ ಅಕ್ಷರ ತಿದ್ದಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಅವರು ನ್ಯೂಯಾರ್ಕಿಗೆ ನೆಲೆ ಬದಲಿಸಿದ ಮೇಲೆ ಮನೋವಿಜ್ಞಾನಿ ಆನಾ ಗಿಲಿಂಗ್‌ಹ್ಯಾಮ್ ಮತ್ತು ಶಿಕ್ಷಕಿ ಬೆಸ್ಸಿ ಸ್ಟಿಲ್‌ಮನ್ ಈ ಸೂತ್ರಗಳನ್ನು ದಿನದಿನದ ಪಾಠಗಳಾಗಿ ವಿಸ್ತರಿಸಿದರು. ಆರ್ಟನ್-ಗಿಲಿಂಗ್‌ಹ್ಯಾಮ್ ಎಂಬ ಹೆಸರು ಹಾಗೆ ಬಂತು. ವೈದ್ಯರ ಹೆಸರು ಮುಂದೆ ನಿಂತರೂ ಪಾಠ ಕಟ್ಟಿದ ದುಡಿಮೆ ಆ ಇಬ್ಬರು ಮಹಿಳೆಯರದು.

ಆರ್ಟನ್ 1948ರಲ್ಲಿ ತೀರಿಕೊಂಡರು. ಮರುವರ್ಷವೇ ಪತ್ನಿ ಜೂನ್ ಲೈಡೇ ಆರ್ಟನ್ ಮತ್ತು ಸಹೋದ್ಯೋಗಿಗಳು ಅವರ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿದರು.

ಕನ್ನಡಿಬಿಂಬದ ಸಿದ್ಧಾಂತಕ್ಕೆ ಅಷ್ಟು ದೀರ್ಘಾಯುಸ್ಸು ದೊರೆಯಲಿಲ್ಲ. ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಮಕ್ಕಳ ತಪ್ಪುಗಳನ್ನು ಎಣಿಸಿ ನೋಡಿದಾಗ ತಿರುವುಮುರುವಿನ ಪಾಲು ಕಡಿಮೆಯೆಂದು ತಿಳಿಯಿತು. ಫ್ರ್ಯಾಂಕ್ ವೆಲುಟಿನೋ ಓದಲು ಕಷ್ಟಪಡುವ ಮಕ್ಕಳಿಗೆ ಅಪರಿಚಿತವಾದ ಹೀಬ್ರೂ ಅಕ್ಷರಗಳನ್ನು ತೋರಿಸಿ ಬರೆಸಿದರು. ಅವರು ಉಳಿದ ಮಕ್ಕಳಷ್ಟೇ ಚೆನ್ನಾಗಿ ಬರೆದರು. ಕಣ್ಣು ಸರಿಯಾಗಿಯೇ ಕಾಣುತ್ತಿತ್ತು. ತೊಡಕಿದ್ದದ್ದು ಮಾತಿನ ಧ್ವನಿಗಳನ್ನು ಬಿಡಿಸಿಕೊಳ್ಳುವಲ್ಲಿ. ಬೋಧನಾಕ್ರಮವನ್ನೂ ಸಂಶೋಧಕರು ಪ್ರಶ್ನಿಸದೆ ಬಿಟ್ಟಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ, ಆರ್ಟನ್-ಗಿಲಿಂಗ್‌ಹ್ಯಾಮ್ ಕ್ರಮದ ಲಾಭ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲುವಷ್ಟು ಸ್ಪಷ್ಟವಿಲ್ಲವೆಂದು ಹೇಳಿತು.

ಅವರ ಹೆಸರಿನ ಸಂಘ ಈಗ ಅಂತರರಾಷ್ಟ್ರೀಯ ಡಿಸ್ಲೆಕ್ಸಿಯಾ ಸಂಘ. ಸಂಸ್ಥೆಯ ಹೆಸರಿನಿಂದ ಆರ್ಟನ್ ಮರೆಯಾದರೂ ಅದು ನೀಡುವ ಪ್ರಶಸ್ತಿಯಲ್ಲಿ ಉಳಿದರು. ಸ್ಯಾಮ್ಯುಯೆಲ್ ಟಿ. ಆರ್ಟನ್ ಪ್ರಶಸ್ತಿ ಪಡೆದವರಲ್ಲಿ ವಾಕ್ ಮತ್ತು ಭಾಷಾದೋಷಗಳ ಸಂಶೋಧಕ ಹ್ಯೂ ಕ್ಯಾಟ್ಸ್ ಒಬ್ಬರು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವೂ ತನ್ನ ಗೌರವವನ್ನು ಅವರಿಗೆ ಸಲ್ಲಿಸಿದೆ. ಕ್ಯಾಟ್ಸ್ ಮತ್ತು ಸಹೋದ್ಯೋಗಿಗಳು 604 ಮಕ್ಕಳನ್ನು ಶಿಶುವಿಹಾರದಿಂದ ಎರಡನೆಯ ತರಗತಿಯವರೆಗೆ ಹಿಂಬಾಲಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಓದಿನಲ್ಲಿ ಹಿಂದುಳಿದವರಲ್ಲಿ ಬಹುಪಾಲು ಮಕ್ಕಳಿಗೆ ಓದು ಆರಂಭಿಸುವ ಮೊದಲೇ ಆಡುಮಾತಿನಲ್ಲಿ ಕೊರತೆಯಿದ್ದುದು ಅದರಿಂದ ಗೊತ್ತಾಯಿತು. ಆ ಮಕ್ಕಳನ್ನು ಮೊದಲು ಗುರುತಿಸಿದ್ದ ಸಮೀಕ್ಷೆಯ ಕೇಂದ್ರ ಅಯೋವಾ.