ವಿಲಿಯಂ ಮಾರಿಸ್

ಮಗ್ಗದ ಸದ್ದನ್ನು ಕೇಳುತ್ತ ಬೆಳೆದ ದೊಡ್ಡಬಳ್ಳಾಪುರದ ಸೋದರಿಯರಿಗೆ, ನೂಲನ್ನೂ ಕಥೆಯನ್ನೂ ನೇಯ್ದ ಈ ಆಂಗ್ಲ ಕವಿಯ ಚರಿತೆಯು ಪ್ರಿಯವಾಗದಿರದು.

ವಿಲಿಯಂ ಮಾರಿಸನು 1834ನೆಯ ಇಸವಿಯಲ್ಲಿ ಲಂಡನ್ನಿನ ಸಮೀಪದ ವಾಲ್ತಮ್‌ಸ್ಟೋವಿನಲ್ಲಿ ಸಿರಿವಂತರ ಮನೆಯಲ್ಲಿ ಜನಿಸಿದನು. ಪಾದ್ರಿಯಾಗಲೆಂದು ಆಕ್ಸ್‌ಫರ್ಡಿಗೆ ಹೋದವನು ಕಲೆಯನ್ನೇ ವೃತ್ತಿಯಾಗಿ ಆರಿಸಿಕೊಂಡನು. 1868ರಲ್ಲಿ ಐಸ್ಲೆಂಡಿನ ಪಂಡಿತನೊಬ್ಬನಿಂದ ಆ ನಾಡಿನ ಭಾಷೆಯನ್ನು ಕಲಿಯತೊಡಗಿ, ಅವನೊಡನೆ ವೋಲ್ಸುಂಗರ ಪುರಾತನ ವೀರಕಥೆಯನ್ನು 1870ರಲ್ಲಿ ಇಂಗ್ಲಿಷಿಗೆ ತಂದನು. ಮರುವರ್ಷ ಕುದುರೆಯೇರಿ ಆ ದ್ವೀಪದಲ್ಲಿ ಸಂಚರಿಸಿದನು. ಕಡುಬಡತನಕ್ಕಿಂತಲೂ ಮನುಷ್ಯರೊಳಗಿನ ಮೇಲುಕೀಳೆಂಬ ಭೇದವೇ ಘೋರವಾದುದೆಂಬ ಪಾಠವನ್ನು ಅಲ್ಲಿ ಕಲಿತನು. 1876ರಲ್ಲಿ ವೀರ ಸಿಗರ್ಡನ ಮಹಾಕಾವ್ಯವನ್ನು ರಚಿಸಿದನು. 1879ರಲ್ಲಿ ಮಲಗುವ ಕೋಣೆಯಲ್ಲಿಯೇ ಮಗ್ಗವನ್ನು ಹೂಡಿ, ಐನೂರು ಗಂಟೆಗಳಿಗೂ ಮಿಗಿಲಾಗಿ ದುಡಿದು ಚಿತ್ರಪಟವೊಂದನ್ನು ನೇಯ್ದನು. 1883ರಲ್ಲಿ ಸಮಾಜವಾದಿಗಳನ್ನು ಸೇರಿ, ತನ್ನ ಅಂತಸ್ತಿನವರ ಅಸಮ್ಮತಿಯನ್ನು ಲೆಕ್ಕಿಸದೆ, ಬೀದಿಗಳಲ್ಲಿ ನಿಂತು ಕೂಲಿಕಾರರ ಪರವಾಗಿ ಮಾತನಾಡಿದನು. ಆ ದುಡಿಮೆಯ ನಡುವೆಯೂ ಕಲ್ಪಿತ ಲೋಕಗಳ ಅದ್ಭುತ ಕಥೆಗಳನ್ನು ಬರೆದು 1896ರಲ್ಲಿ ತೀರಿಕೊಂಡನು. ಇವನ ವುಲ್ಫಿಂಗರ ಕಥೆಗೆ ತಾನು ಋಣಿಯೆಂದು ಟೋಲ್ಕೀನನು ಒಪ್ಪಿಕೊಂಡಿದ್ದಾನೆ.

ಕಸೂತಿಯಲ್ಲಿ ಪ್ರವೀಣೆಯಾಗಿದ್ದ ಮಗಳು ಮೇ, ತಂದೆಯ ಕೃತಿಗಳನ್ನು 1910ರಿಂದ 1915ರ ವರೆಗೆ 24 ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದಳು. ಕೈಕೆಲಸವನ್ನು ಕೀಳೆಂದೆಣಿಸದವರ ಬಾಳು ಹೀಗೆ ಫಲಿಸುತ್ತದೆ.